ಮಾರಕ್ಕನ ಗಿರಣಿಯ ಗಾಳಿ

ಆ ಬೆಳಿಗ್ಗೆ ಆಷಾಢದ ಗಾಳಿ ಊರನ್ನು ಹಿಡಿದು ಅಲ್ಲಾಡಿಸುತ್ತಿತ್ತು. ಮೋಡವಿತ್ತು, ಹನಿ ಇರಲಿಲ್ಲ. ಬೀದಿಯ ಬೇವಿನ ಮರ ಒಂದೇ ಕಡೆಗೆ ಬಾಗಿ ನಿಂತಿತ್ತು. ಅಂಥ ಹೊತ್ತಿನಲ್ಲಿ ಪಾಲಯ್ಯ ಏಣಿ ಹಾಕಿ ಅಟ್ಟ ಹತ್ತಿದ. ನನ್ನ ಮೇಲಿದ್ದ ಹಳೇ ಪಂಚೆ ಸರಿಸಿ, ನನ್ನನ್ನು ಎರಡೂ ಕೈಯಿಂದ ಎತ್ತಿಕೊಂಡ. ಎಷ್ಟೋ ವರ್ಷದ ಮೇಲೆ ಮನುಷ್ಯರ ಕೈ ನನಗೆ ತಗುಲಿತ್ತು. ಯಾಕೆ ಎತ್ತಿಕೊಂಡ ಎಂದು ತಿಳಿಯಬೇಕಾದರೆ ನನ್ನ ಹುಟ್ಟಿನಿಂದಲೇ ಕೇಳಬೇಕು.

ನಾನು ಒಂದು ವಿಡಿಯೋ ಕ್ಯಾಮೆರಾ. ಹೆಗಲ ಮೇಲೆ ಹೊರುವಂಥದ್ದು, ಹೊಟ್ಟೆಯೊಳಗೆ ಕ್ಯಾಸೆಟ್ ಇಟ್ಟುಕೊಳ್ಳುವಂಥದ್ದು. ಕಡಲಾಚೆಯ ಯಾವುದೋ ಕಾರ್ಖಾನೆಯಲ್ಲಿ, ಬಾಯಿಗೆ ಬಟ್ಟೆ ಕಟ್ಟಿಕೊಂಡ ಹೆಣ್ಣುಮಕ್ಕಳ ಕೈಯಲ್ಲಿ ಹುಟ್ಟಿದೆ. ಕೂಸಿನ ಕೆನ್ನೆ ಒರೆಸುವ ಹಾಗೆ ಅವರು ನನ್ನ ಕಣ್ಣಿನ ಗಾಜನ್ನು ಒರೆಸಿ ಕೂರಿಸಿದರು. ದೇವರು ಮನುಷ್ಯರಿಗೆ ರೆಪ್ಪೆ ಕೊಟ್ಟ. ಅವರು ನನಗೊಂದು ಕರಿ ಮುಚ್ಚಳ ಕೊಟ್ಟರು. ದಾವಣಗೆರೆಯ ಸ್ಟುಡಿಯೋದವನೊಬ್ಬ ನನ್ನನ್ನು ತಂದು ಕೆಲಕಾಲ ದುಡಿಸಿದ. ಹೊಸದೊಂದು ಬಂದ ಮೇಲೆ ಸೂರಪ್ಪನಹಟ್ಟಿಯ ಪಾಲಯ್ಯನಿಗೆ ದಾಟಿಸಿದ.

ಪಾಲಯ್ಯ ಮಾತು ಕಡಿಮೆಯ ಮನುಷ್ಯ. ಹತ್ತು ಮಾತಿನ ಜಾಗದಲ್ಲಿ ಒಂದು ಆಡಿ ಸುಮ್ಮನಾಗುವವನು. ಆದರೆ ಅವನ ಹೆಗಲು ನನ್ನ ಸಿಂಹಾಸನವಾಗಿತ್ತು. ನಾನು ಬಂದೆನೆಂದರೆ ಮದುವೆಮನೆಯ ಮುದುಕಿಯರು ಸೆರಗು ಸರಿಮಾಡಿಕೊಳ್ಳುತ್ತಿದ್ದರು, ಉಣ್ಣುತ್ತಿದ್ದವರು ಅಗಿಯುವುದನ್ನೇ ನಿಲ್ಲಿಸುತ್ತಿದ್ದರು. ಪುರೋಹಿತರು ಕೂಡ ತಾಳಿ ಕಟ್ಟಿಸುವ ಮುಂಚೆ ನನ್ನ ಕಡೆ ಒಮ್ಮೆ ನೋಡುತ್ತಿದ್ದರು. ಅದನ್ನೆಲ್ಲ ನನಗೆ ಸಲ್ಲುವ ಮರ್ಯಾದೆಯೆಂದೇ ತಿಳಿದಿದ್ದೆ.

ಆಮೇಲೆ ಮೊಬೈಲ್ ಬಂತು.

ಅಂಗೈಯಗಲದ ಆ ತೆಳ್ಳನೆಯ ಜೀವಕ್ಕೆ ಪಾಲಯ್ಯ ಕೊಟ್ಟ ಜಾಗ ಯಾವುದು ಗೊತ್ತೇ? ಅಂಗಿಯ ಜೇಬು, ಎದೆಯ ಮೇಲೆ. ನಾನು ಇಷ್ಟು ವರ್ಷ ಹೆಗಲ ಮೇಲೆ ಕೂತರೂ ಅವನ ಎದೆಯ ಬಡಿತ ಕೇಳಿದವನಲ್ಲ. ಆಯುಧಪೂಜೆಯ ದಿನ ಕುಂಕುಮದ ಬೆರಳು ಮೊದಲು ಅದರ ಬೆನ್ನಿಗೆ ಹೋಯಿತು; ನನಗೆ ಉಳಿದಿದ್ದು ಬಟ್ಟಲಿನ ತಳದ ಒಂದು ಚೆಂಡುಹೂವಿನ ಎಸಳು. ಅದೇ ವರ್ಷ ನಾನು ಅಟ್ಟ ಸೇರಿದೆ. ಅಟ್ಟದ ಹಲಗೆಯ ಸಂದಿಯಿಂದ ಕೆಳಗಿನ ಕೋಣೆ ಕಾಣುತ್ತಿತ್ತು. ಮಲಗುವಾಗ ಅದನ್ನು ದಿಂಬಿನ ಪಕ್ಕ ಇಟ್ಟುಕೊಳ್ಳುವುದು, ಎದ್ದ ಕೂಡಲೇ ಅದರ ಮುಖ ನೋಡುವುದು. ಹೊಟ್ಟೆಕಿಚ್ಚು ಎನ್ನುವುದು ಹೊಟ್ಟೆ ಇದ್ದವರಿಗಷ್ಟೇ ಬರುವುದಾದರೆ, ಕ್ಯಾಸೆಟ್ ಇಡುವ ನನ್ನ ಹೊಟ್ಟೆಗೂ ಅದು ಬಂದಿತ್ತು.

ಹೀಗಿರುವಾಗ ಊರಿನಲ್ಲಿ ದೆವ್ವದ ವಿಡಿಯೋ ಹಬ್ಬಿತು. ಮಾರಕ್ಕ ಎಂಬ ಹೆಣ್ಣುಮಗಳು ಹಿಟ್ಟಿನ ಗಿರಣಿ ನಡೆಸುತ್ತಿದ್ದಳು. ಗಂಡ ದ್ಯಾಮಣ್ಣ ಹಿಂದಿನ ವರ್ಷ ಅದೇ ಗಿರಣಿಯಲ್ಲಿ ಎದೆ ಹಿಡಿದುಕೊಂಡು ಕೂತವನು ಏಳಲೇ ಇಲ್ಲ. ಎದುರಿನ ಹೋಟೆಲಿನ ಮುರುಗೇಂದ್ರ ಒಂದು ದಿನ ನಸುಕಿನಲ್ಲಿ ಒಲೆ ಹಚ್ಚುವಾಗ, ಬಾಗಿಲು ಹಾಕಿದ್ದ ಗಿರಣಿಯ ಕಿಟಕಿಯಲ್ಲಿ ಬೆಳ್ಳಗೆ ಒಂದು ಆಕಾರ ಎದ್ದು ನಿಂತು, ಕೈ ಬೀಸಿ, ಕುಸಿದದ್ದನ್ನು ಕಂಡು ಮೊಬೈಲಿನಲ್ಲಿ ಹಿಡಿದ. ಸೂರ್ಯ ನೆತ್ತಿಗೆ ಬರುವ ಮೊದಲೇ ಅದು ಸುತ್ತಿನ ಹಳ್ಳಿಗಳನ್ನೆಲ್ಲ ಮುಟ್ಟಿತ್ತು. ನನ್ನ ಜೀವಮಾನದ ಮದುವೆಗಳನ್ನೆಲ್ಲ ಒಟ್ಟು ಮಾಡಿದರೂ ಅಷ್ಟು ಜನ ನೋಡಿರಲಿಲ್ಲ. ನನಗೆ ಉರಿಯಿತು. ಅದೆಲ್ಲ ಕಟ್ಟುಕತೆ, ಮೊಬೈಲುಗಳ ಜಾತಿಯೇ ಸುಳ್ಳಿನದು ಎಂದು ಅಟ್ಟದಲ್ಲೇ ತೀರ್ಪು ಕೊಟ್ಟುಕೊಂಡೆ.

ಮಾರಕ್ಕನಿಗೆ ಆದದ್ದು ಉರಿಯಲ್ಲ, ಉಪವಾಸ. ಜನ ತಮ್ಮ ಡಬ್ಬಗಳನ್ನು ಎತ್ತಿಕೊಂಡು ಪಕ್ಕದೂರಿನ ಗಿರಣಿಗೆ ಹೋದರು. ಗಿರಣಿ ಊರ ನಡುವೆ ಇರಬೇಕೋ ಬೇಡವೋ ಎಂದು ಕಟ್ಟೆಯ ಮೇಲೆ ಸಭೆ ಸೇರಿತು. ವಿಡಿಯೋ ನಿಜವೋ ಯಾರಾದರೂ ಮಾಡಿದ್ದೋ, ವಿಡಿಯೋ ಬಲ್ಲ ಪಾಲಯ್ಯ ಹೇಳಿದ್ದೇ ಕೊನೆ ಎಂದು ಊರ ಯಜಮಾನ ಓಬಯ್ಯ ಗೊತ್ತು ಮಾಡಿದ. ಅವನು ಕಟ್ಟೆಗೆ ಹೋಗಿ ಹೇಳಬೇಕಿದ್ದ ಹಿಂದಿನ ದಿನ ಮಾರಕ್ಕ ನಮ್ಮ ಮನೆಗೆ ಬಂದು ಬಾಗಿಲಲ್ಲೇ ನಿಂತಳು. ಸುಳ್ಳೆಂದು ಹೇಳು ಎಂದು ಬೇಡಲು ಬಂದಿದ್ದಾಳೆ ಅಂದುಕೊಂಡೆ. ಅವಳು ಕೇಳಿದ್ದು ಬೇರೆ.

"ಪಾಲಣ್ಣ, ಅದ್ರಾಗೆ ಅವರ ಚಹರೆ ಏನಾರ ಕಾಣ್ತೈತಾ?"

ಪಾಲಯ್ಯ ಜೇಬಿನ ಮೊಬೈಲನ್ನು ಕೈಗೆ ತೆಗೆದುಕೊಂಡ. ಅವಳು ಹೋದ ಮೇಲೆ ಆ ವಿಡಿಯೋವನ್ನು ಮತ್ತೆ ಮತ್ತೆ ನೋಡಿದ, ನಿಲ್ಲಿಸಿ ನೋಡಿದ, ಹಿಗ್ಗಿಸಿ ನೋಡಿದ. ಸುಳ್ಳು ಅನ್ನು, ಸುಳ್ಳು ಅನ್ನು ಎಂದು ನಾನು ಮೇಲಿನಿಂದ ಜಪ ಮಾಡಿದೆ.

ಮರುದಿನ ಕಟ್ಟೆಯಿಂದ ಅವನು ಬೇಗನೆ ಬಂದ. ಕೆಲಸ ಮುಗಿಸಿದವನ ಹಾಗೆ ಕಾಲು ತೊಳೆದು ಉಣ್ಣಲು ಕೂತ. ನೀರಿಗೆ ಹೋಗಿದ್ದ ಹೆಂಡತಿ ಬೋರಮ್ಮ ಬಂದವಳೇ ಕೊಡ ಕುಕ್ಕಿದಳು.

"ಏನಂದ್ ಬಂದೆ ಕಟ್ಟೆತಾವ?"

"ಯಾರೂ ಮಾಡಿದ್ದಲ್ಲ, ವಿಡಿಯೋ ದಿಟ, ಗಾಳಿ ಅದು ಅಂದೆ."

"ಚೆನ್ನಾಗಂದೆ. ಗಾಳಿ ಅಂತ ಪಾಲಯ್ಯನೇ ಹೇಳ್ಬಿಟ್ಟ ಅಂತ ಓಬಯ್ಯ ಗಿರಣಿಗೆ ಬೀಗ ಜಡ್ದು ಕೀಲಿಕೈ ಉಡಿದಾರಕ್ಕೆ ಕಟ್ಕಂಡ. ದ್ಯಾಮಣ್ಣ ಗಾಳಿ ಆಗವ್ನೆ ಅಂತ ಊರೆಲ್ಲ ಅಂತಾವ್ರೆ."

ಪಾಲಯ್ಯನ ಕೈಯ ತುತ್ತು ತಟ್ಟೆಗೆ ಬಿತ್ತು. ಅವನು ಹೇಳಿದ್ದು ಮರ ಅಲ್ಲಾಡಿಸುವ ಗಾಳಿಯನ್ನು. ಊರು ಕೇಳಿಸಿಕೊಂಡದ್ದು ಮೈಮೇಲೆ ಮೆಟ್ಟುವ ಗಾಳಿಯನ್ನು. ನಮ್ಮ ಸೀಮೆಯಲ್ಲಿ ಎರಡಕ್ಕೂ ಒಂದೇ ಹೆಸರು. ಇನ್ನೊಂದು ಮಾತು ಆಡಿದ್ದರೆ ಸಾಕಿತ್ತು, ಅವನು ಆಡುವವನಲ್ಲ.

ಎದ್ದು ಹೋಗಿ ಓಬಯ್ಯನಿಗೆ ಬಿಡಿಸಿ ಹೇಳಿದನಂತೆ. ಒಮ್ಮೆ ಒಳಗೆ ಬಂದು ನೋಡು, ಬೇಕಾದರೆ ಮೊಬೈಲಿನಲ್ಲೇ ಹಿಡಿದು ತೋರಿಸುತ್ತೇನೆ ಎಂದನಂತೆ. ಅದಕ್ಕೆ ಓಬಯ್ಯ ಕೊಟ್ಟ ಉತ್ತರವನ್ನು ಪಾಲಯ್ಯ ಹೆಂಡತಿಗೆ ಹೇಳುವಾಗ ನಾನು ಕಿವಿಯಾರೆ ಕೇಳಿದೆ.

"ಮೊಬೈಲ್ ಬ್ಯಾಡಪ್ಪ. ಅದ್ರೊಳಗೆ ಆಗ್ಲೇ ಸೇರ್ಕಂಡೈತೆ. ನಮ್ಮನೆ ಮದುವೆ ಹಿಡ್ದಿದ್ಯಲ್ಲ, ಆ ದೊಡ್ಡದನ್ನ ತಾ. ಶುಭಕಾರ್ಯ ನೋಡಿರೋ ಕಣ್ಣು ಅದು. ಅದ್ರಾಗಾದ್ರೆ ನೋಡ್ತೀನಿ."

ಹೀಗೆ ಆ ಬೆಳಿಗ್ಗೆ ನಾನು ಅಟ್ಟ ಇಳಿದೆ. ಮೊಬೈಲ್ ಮನೆಯಲ್ಲೇ ಗೂಡಿನಲ್ಲಿ ಉಳಿಯಿತು. ಅದರ ಮುಂದೆ ಹಾದುಹೋಗುವಾಗ ನನಗಾದ ಸಂತೋಷವನ್ನು ದೇವರು ಕ್ಷಮಿಸಲಿ.

ಮುರುಗೇಂದ್ರನ ಹೋಟೆಲಿನಿಂದ ಗಿರಣಿಯ ಬಾಗಿಲವರೆಗೆ ಉದ್ದ ವೈರು ಎಳೆದು ನನಗೆ ಜೀವ ಕೊಟ್ಟರು. ನನ್ನ ಹೊಟ್ಟೆ ತಿರುಗಲಿಲ್ಲ. ಕ್ಯಾಸೆಟ್ ತಿರುಗಿಸುವ ರಬ್ಬರ್ ಪಟ್ಟಿ ಕರಗಿ ಅಂಟಾಗಿತ್ತು. ಒಂದು ಚಿತ್ರವನ್ನೂ ಹಿಡಿಯಲಾರೆ. ಕಣ್ಣೊಂದು ಮಾತ್ರ ಉಳಿದಿತ್ತು. ಅಷ್ಟು ಸಾಕು ಎಂದು ಪಾಲಯ್ಯ ಬೀಗ ತೆಗೆಸಿ, ನನ್ನನ್ನು ಓಬಯ್ಯನ ಹೆಗಲಿಗೇರಿಸಿ, ಅವನ ಮೊಣಕೈ ಹಿಡಿದು ಒಳಕ್ಕೆ ನಡೆಸಿದ. ಓಬಯ್ಯನ ರೆಪ್ಪೆ ನನ್ನ ನೋಡುವ ಕಿಂಡಿಯ ಗಾಜಿಗೆ ಪಟಪಟ ಬಡಿಯುತ್ತಿತ್ತು. ಗಾಜಿನಾಚೆ ನಿಂತರೆ ಏನೂ ತಟ್ಟದು ಎಂಬ ಧೈರ್ಯದಲ್ಲಿ ಒಂದೊಂದೇ ಹೆಜ್ಜೆ ಇಟ್ಟ.

ಮಾಡಿನ ತಗಡೊಂದು ಜರುಗಿದ್ದ ಕಡೆಯಿಂದ ಗಾಳಿ ನುಗ್ಗಿತು. ಹಿಟ್ಟು ಇಳಿಯುವ ಬಾಯಿಗೆ ಕಟ್ಟಿದ್ದ ಬಟ್ಟೆಯ ಉದ್ದ ಚೀಲ ಉಬ್ಬಿತು, ಎದ್ದಿತು, ಬೆಳ್ಳಗೆ ನಿಂತು ಕೈ ಬೀಸಿತು. ನಾನೂ ನಡುಗಿದೆ. ಮೊಬೈಲ್ ಕಂಡದ್ದು ಇದನ್ನೇ. ಅದು ಸುಳ್ಳು ಹೇಳಿರಲಿಲ್ಲ. ದೆವ್ವದ ಭಯಕ್ಕಿಂತ ಆ ತಿಳಿವಳಿಕೆಯೇ ನನಗೆ ಹೆಚ್ಚು ಚುಚ್ಚಿತು.

ಪಾಲಯ್ಯ ಓಬಯ್ಯನ ಕೈಯನ್ನು ಹಿಡಿದು ಆ ಬಟ್ಟೆಯ ಮೇಲೆ ಇಟ್ಟ. ಚೀಲ ಉಸ್ಸೆಂದು ಕುಸಿದು ಹಿಟ್ಟು ಹಾರಿತು. ಓಬಯ್ಯ ನನ್ನನ್ನು ಹೆಗಲಿನಿಂದ ಇಳಿಸಿ ಬರಿಗಣ್ಣಿನಲ್ಲಿ ನೋಡಿದ. ಅವನ ಮೀಸೆ ಬೆಳ್ಳಗಾಗಿತ್ತು.

"ಬೀಸೋ ಗಾಳಿ ಕಣ್ರಪ್ಪ ಇದು," ಎಂದ ಹೊರಗಿದ್ದವರಿಗೆ. "ಮೆಟ್ಟೋ ಗಾಳಿ ಅಲ್ಲ."

ಮುರುಗೇಂದ್ರ ಕೇಳಿದ: "ಹಂಗಾರೆ ನನ್ ವಿಡಿಯೋ ಸುಳ್ಳಾ ಪಾಲಣ್ಣ?"

"ನಿನ್ ಮೊಬೈಲ್ ಸುಳ್ಳೇಳಿಲ್ಲ ಮಾರಾಯ. ನಾನೇ ಅರ್ಧ ಮಾತಾಡ್ದೆ."

ಅದು ನಾನು ಬಯಸಿದ ತೀರ್ಪಾಗಿರಲಿಲ್ಲ.

ಈಗ ನಾನು ಮತ್ತೆ ಅಟ್ಟದಲ್ಲಿದ್ದೇನೆ. ಕಣ್ಣೂ ಮಂಜಾಗಿದೆ. ಕೆಳಗೆ ಅದು ದಿಂಬಿನ ಪಕ್ಕ ಮಲಗುವುದನ್ನು ನೋಡಿದರೆ ಈಗಲೂ ಒಳಗೆ ಸಣ್ಣಗೆ ಸುಡುತ್ತದೆ, ಇಲ್ಲವೆಂದರೆ ಸುಳ್ಳಾದೀತು. ಆದರೆ ಅದೂ ನನ್ನ ಹಾಗೆಯೇ ತನ್ನ ಮುಂದೆ ಬಂದದ್ದನ್ನು ನೋಡುವ ಜೀವ. ಕಂಡದ್ದಕ್ಕೆ ಹೆಸರಿಡುವ ಕೆಲಸವನ್ನು ದೇವರು ನಮ್ಮಿಬ್ಬರಿಗೂ ಕೊಟ್ಟಿಲ್ಲ.

ನನ್ನ ಕಣ್ಣು ಕೊನೆಯದಾಗಿ ಸ್ವಚ್ಛವಾಗಿ ಕಂಡದ್ದು ಅದೇ ಬೆಳಿಗ್ಗೆಯದು. ನಾನು ಗಿರಣಿಯ ಹೊಸ್ತಿಲ ಮೇಲಿದ್ದೆ, ವೈರು ಇನ್ನೂ ಕಿತ್ತಿರಲಿಲ್ಲ. ಜನ ಚದುರಿದ್ದರು. ಮಾರಕ್ಕ ಆ ಬಟ್ಟೆಯ ಚೀಲವನ್ನು ಒಮ್ಮೆ ಸವರಿ, ಯಾರೂ ಬಂದಿರಲಿಲ್ಲವೆಂಬುದನ್ನು ನಂಬಲು ಹೊತ್ತು ತೆಗೆದುಕೊಳ್ಳುತ್ತಿರುವವಳ ಹಾಗೆ ನಿಂತಿದ್ದಳು. ಓಬಯ್ಯ ಹಿಂದಿರುಗಿ ಬಂದ. ಉಡಿದಾರದ ಗಂಟು ಬಿಚ್ಚಿದ. ಕೀಲಿಕೈಯನ್ನು ಅವಳ ಅಂಗೈಯಲ್ಲಿಟ್ಟು ನಡೆದುಬಿಟ್ಟ.