ಡೆಲ್ಫೀನಾ ಕಟ್ಟಿದ ಗಾಳಗಳು

"ಕೈ ತೆಗಿ! ತೆಗಿ ಅಂದ್ನಲ್ಲ!"

ನೆಲಿಯಾ ಗದರಿದ ಏಟಿಗೆ ಝೆಕಾನ ಕೈ ಶವಪೆಟ್ಟಿಗೆಯೊಳಗೆ ಅರ್ಧಕ್ಕೇ ನಿಂತುಬಿಟ್ಟಿತು. ಬೆರಳ ತುದಿಯಲ್ಲಿ ಒಂದು ಗಾಳ, ಅದರಿಂದ ಇಳಿಬಿದ್ದ ಗೇಣುದ್ದದ ದಾರ.

"ಒಂದೇ ಒಂದು ನೆಲಿಯಾ. ಜಪಮಾಲೆ ಪಕ್ಕದಲ್ಲಿ ಇಟ್ಬಿಡ್ತೀನಿ. ಪಾದ್ರಿಗಳಿಗೆ ಕಾಣ್ಸೋದೂ ಇಲ್ಲ."

"ಅಮ್ಮನಿಗೆ ಚುಚ್ಚುತ್ತೆ ಕಣೋ!"

ಹೇಳಿದ ಮೇಲೆ ತಾನು ಏನು ಹೇಳಿದೆ ಎಂಬುದು ಅವಳಿಗೇ ಹೊಳೆಯಿತು. ಬಾಯಿಗೆ ಕರವಸ್ತ್ರ ಒತ್ತಿಕೊಂಡು ಗೋಡೆಯ ಕಡೆ ತಿರುಗಿದಳು. ಭುಜ ಕುಲುಕುತ್ತಿದ್ದುದು ಅಳುವಿಗೋ ನಗೆಗೋ ಯಾರಿಗೂ ತಿಳಿಯಲಿಲ್ಲ.

ಮೊದಲ ಸಾಲಿನ ಕುರ್ಚಿಯಲ್ಲಿ ಕುಳಿತಿದ್ದ ಅಬೀಲಿಯೊ ಎಲ್ಲವನ್ನೂ ನೋಡುತ್ತಿದ್ದ. ಪೆಟ್ಟಿಗೆಯಲ್ಲಿ ಮಲಗಿದ್ದವಳು ಅವನ ಹೆಂಡತಿ ಡೆಲ್ಫೀನಾ. ಗುರುವಾರ ಬೆಳಗ್ಗೆ ಗಾಳಕ್ಕೆ ಎರೆ ಮಾರುವ ಅಂಗಡಿಯಲ್ಲಿ ಏಡಿ ತೊಟ್ಟಿಯ ನೀರು ಬದಲಿಸುತ್ತಿದ್ದವಳು ಹಾಗೇ ಕುಸಿದಿದ್ದಳು. ಎಪ್ಪತ್ತೊಂದು ವರ್ಷ. ಕೋಟು ಹೊಲಿಯುವ ಕಾರ್ಖಾನೆ ಬಾಗಿಲು ಹಾಕಿದ ಮೇಲೆ ಇಪ್ಪತ್ತೆರಡು ವರ್ಷ ಅದೇ ಅಂಗಡಿಯಲ್ಲಿ ನಿಂತಿದ್ದಳು. ಭಾನುವಾರ ಮಾತ್ರ ಸಕೋನೆಟ್‌ನ ಕಡಲ ಬಂಡೆಗಳ ಮೇಲೆ, ಟಾಟಾಗ್ ಮೀನಿಗೆ ಗಾಳ ಹಾಕಿಕೊಂಡು.

"ಅಲ್ಲಯ್ಯಾ, ಇಡೋದೇ ಆದ್ರೆ ಅವಳ ಗಾಳ ಇಡು," ಎಂದು ಹಿಂದಿನಿಂದ ಬಂದವನು ಸಬೀನೊ. ನೆಲಿಯಾಳಿಗೆ ಜ್ಞಾನಸ್ನಾನದಲ್ಲಿ ಧರ್ಮತಂದೆಯಾಗಿ ನಿಂತವನು. ಆ ನಂಟಿನಿಂದ ಅವನೂ ಅಬೀಲಿಯೊನೂ ಒಬ್ಬರನ್ನೊಬ್ಬರು 'ಕುಂಪಾದ್ರೆ' ಎಂದೇ ಕರೆಯುತ್ತಿದ್ದರು. "ಅರ್ಧ ಏಡಿಗೆ ಹಾಕೋ ಒಂಟಿ ಗಾಳ ಅದು. ಡೆಲ್ಫೀನಾದು ಜೋಡಿ ಗಾಳ. ಇಡೀ ಏಡಿ, ಎರಡು ಕಡೆ ಸಿಕ್ಕಿಸಬೇಕು. ನನಗೆ ಅವಳೇ ಕಟ್ಟಿಕೊಟ್ಟಿದ್ದು." ಕೋಟಿನ ಜೇಬಿನಿಂದ ಅವನೂ ಒಂದನ್ನು ಹೊರತೆಗೆದ.

"ಸುಳ್ಳು! ಇಡೀ ಏಡಿ ಹಾಕೋನು ಹೆಡ್ಡ ಅಂತ ನನ್ನ ಮುಖಕ್ಕೇ ಹೇಳಿದ್ರು ಅವರು. ಚಿಪ್ಪು ಒಡಿ, ರಸ ನೀರಿಗೆ ಬಿಡು, ಮೀನು ಓಡಿ ಬರುತ್ತೆ ಅಂದ್ರು," ಎಂದ ಝೆಕಾ.

ಅಂಚೆಯವನಾಗಿ ನಿವೃತ್ತನಾಗಿದ್ದ ವಾಲ್ಟರ್ ಮೆಲ್ಲಗೆ ಗಂಟಲು ಸರಿಪಡಿಸಿಕೊಂಡ. ಅವನ ನಡುಗುವ ಅಂಗೈಯಲ್ಲೂ ಒಂದಿತ್ತು, ತಲೆಯಲ್ಲೇ ಸೀಸದ ಉಂಡೆ ಇದ್ದ ಗಿಡ್ಡ ಗಾಳ. "ಕ್ಷಮಿಸಿ, ಸೀಸದ ತಲೆಯದೇ ಸರಿ, ಬೇರೆಯೆಲ್ಲ ಗೋಜಲು ಅಂತ ಡೆಲ್ಫೀನಾ ನನಗೆ ಹೇಳಿದ್ರಲ್ಲ."

ಭಾನುವಾರ ಡೆಲ್ಫೀನಾಳ ಜೊತೆ ಬಂಡೆಗೆ ಹೋಗುತ್ತಿದ್ದ ಆ ಮೂವರೂ ಒಟ್ಟಿಗೇ ಅಬೀಲಿಯೊನ ಕಡೆ ತಿರುಗಿದರು.

"ಮಾಮ, ನೀವೇ ಹೇಳಿ," ಎಂದ ಝೆಕಾ. "ನಲವತ್ತೊಂಬತ್ತು ವರ್ಷ ಜೊತೆಗಿದ್ದೋರು ನೀವು. ಇದ್ರಲ್ಲಿ ಅವರದ್ದು ಯಾವುದು?"

ಅಬೀಲಿಯೊ ಮೂರು ಗಾಳಗಳನ್ನೂ ನೋಡಿದ. ಅವನಿಗೆ ಗೊತ್ತಿರಲಿಲ್ಲ. ದಿನವೂ ತಾನು ಊಟ ಮಾಡುವ ಮೇಜಿನ ಮೇಲೆಯೇ, ತನ್ನ ತಟ್ಟೆಯ ಪಕ್ಕದಲ್ಲೇ ಅವಳು ಕಟ್ಟುತ್ತಿದ್ದ ಗಾಳಗಳು. ಒಂದನ್ನೂ ಸರಿಯಾಗಿ ನೋಡಿರಲಿಲ್ಲ.

"ಯಾವುದೂ ಬೇಡ. ಪೆಟ್ಟಿಗೆ ಮುಚ್ಚಲಿ," ಎಂದ.

*

ನಾಲ್ಕು ವರ್ಷದ ಹಿಂದೆ, ಬೇಕರಿ ಕೆಲಸ ಬಿಟ್ಟ ವಾರ, ಅಬೀಲಿಯೊ ಯಾರಿಗೂ ಹೇಳದೆ ಹೋಗಿ ಒಂದು ಜೊತೆ ರಬ್ಬರ್ ಬೂಟು ತಂದಿದ್ದ. ಮೊಣಕಾಲಿನವರೆಗೆ ಬರುವಂಥವು. ಅಡುಗೆಮನೆಯ ಬಾಗಿಲ ಬಳಿ ಅವಳ ಬೂಟುಗಳ ಪಕ್ಕ ನಿಲ್ಲಿಸಿದ.

ಡೆಲ್ಫೀನಾ ಅಂಗಡಿಯಿಂದ ಬಂದವಳು ನಿಂತು ನೋಡಿದಳು. "ಇದು ಯಾರಿಗೆ?"

"ನನಗೆ. ಭಾನುವಾರ ನಾನೂ ಬರ್ತೀನಿ. ಇನ್ನೇನು, ಹಗಲೆಲ್ಲ ಮಲಗಬೇಕಾದ್ದಿಲ್ಲವಲ್ಲ."

ಮೂವತ್ತಾರು ವರ್ಷ ಅವನು ರಾತ್ರಿಯೆಲ್ಲ ಸಿಹಿ ಬ್ರೆಡ್ಡಿಗೆ ಹಿಟ್ಟು ನಾದಿದವನು. ಅವಳು ಏಳುವ ಹೊತ್ತಿಗೆ ಅವನು ಮಲಗುತ್ತಿದ್ದ. ಇಬ್ಬರೂ ಎಚ್ಚರವಾಗಿ ಎದುರುಬದುರು ಕೂರುತ್ತಿದ್ದುದು ಭಾನುವಾರ ಸಂಜೆ ಒಂದೇ.

ಅವಳು ತಲೆವಸ್ತ್ರ ಬಿಚ್ಚಿದಳು, ನಲ್ಲಿ ತಿರುಗಿಸಿ ಬಹಳ ಹೊತ್ತು ಕೈ ತೊಳೆದಳು. ಏಡಿಯ ವಾಸನೆ ಹೋಗುವುದು ಅಷ್ಟು ಸುಲಭವಲ್ಲ.

"ನೀನು ಬೇಡ, ಅಬೀಲಿಯೊ."

"ಯಾಕೆ?"

"ಬಂಡೆ ಜಾರುತ್ತೆ. ನಿನ್ನ ಮಂಡಿ ಬೇರೆ." ಅಷ್ಟೇ. ಮತ್ತೆ ಅದರ ಮಾತೆತ್ತಲಿಲ್ಲ. ಅವನೂ ಎತ್ತಲಿಲ್ಲ. ಬೂಟುಗಳನ್ನು ನೆಲಮಾಳಿಗೆಗೆ ಒಯ್ದು ಹಳೆಯ ಸೋಫಾದ ಹಿಂದೆ ಇಟ್ಟುಬಂದ. ಅಲ್ಲಿಂದಾಚೆ ಸಬೀನೊ ಮನೆಗೆ ಬಂದಾಗೆಲ್ಲ ಅಬೀಲಿಯೊನಿಗೆ ಅಷ್ಟಾಗಿ ಮಾತು ಬರುತ್ತಿರಲಿಲ್ಲ.

*

ಮಣ್ಣು ಮಾಡಿ ಬರುವಾಗ ಹನ್ನೆರಡು ಹೊಡೆದಿತ್ತು. ಚರ್ಚಿನ ನೆಲಮಾಳಿಗೆಯಲ್ಲಿ ಉದ್ದದ ಮೇಜುಗಳು, ಸೊಪ್ಪಿನ ಸೂಪು, ಹುರಿದ ಶೌರೀಸು ಸಾಸೇಜಿನ ತುಂಡುಗಳು, ಅಬೀಲಿಯೊನ ಹಳೆಯ ಬೇಕರಿಯವರು ಕಳಿಸಿದ ಎಂಟು ಸಿಹಿ ಬ್ರೆಡ್ಡು. ನೆಲಿಯಾ ಅಪ್ಪನ ಮುಂದೆ ಬಟ್ಟಲಿಟ್ಟು, ಚಮಚವನ್ನೂ ಅವನ ಕೈಗೇ ಕೊಟ್ಟು ಹೋದಳು. ಸೂಪು ತಣ್ಣಗಾಗುತ್ತಿತ್ತು. ಎದುರಿಗೆ ಮೂವರೂ ಮತ್ತೆ ಹತ್ತಿಕೊಂಡಿದ್ದರು.

"ಹೋದ ತಿಂಗಳು ಇದೇ ಜೋಡಿ ಗಾಳದಲ್ಲಿ ಒಂಬತ್ತು ಪೌಂಡಿಂದು ಹಿಡ್ದೆ ನಾನು," ಎಂದ ಸಬೀನೊ.

"ಬೆಳಗ್ಗೆಯಿಂದ ಸಂಜೆವರೆಗೆ ಒಂದು!" ಝೆಕಾ ಮೇಜು ಗುದ್ದಿದ. "ಅಷ್ಟೊತ್ತಿಗೆ ನಾನು ಒಂದು ಛಾವಣಿ ಹೊದಿಸಿ ಮುಗಿಸ್ತೀನಿ."

"ಅದಕ್ಕೇ ನಿನ್ನ ಛಾವಣಿ ಸೋರೋದು."

"ನೋಡಿ, ಅವರು ನನಗೆ ಸುಳ್ಳು ಹೇಳೋರಲ್ಲ," ಎಂದ ವಾಲ್ಟರ್, ಚಮಚ ಬಟ್ಟಲಿಗೆ ತಾಗಿ ಟಕಟಕ ಸದ್ದು ಮಾಡುತ್ತಿತ್ತು.

"ಹಾಗಾದ್ರೆ ನಮಗೆ ಹೇಳಿದ್ದು ಸುಳ್ಳಾ?"

"ಯಾರಿಗೂ ಸುಳ್ಳು ಹೇಳಿಲ್ಲ ಅವಳು," ಎಂದ ಅಬೀಲಿಯೊ.

ಬೆಳಗ್ಗೆಯಿಂದ ನಾಲ್ಕು ಮಾತೂ ಆಡದವನು ಬಾಯಿ ಬಿಟ್ಟನೆಂದು ಮೂವರೂ ಕತ್ತೆತ್ತಿದರು.

"ವಾಲ್ಟರ್, ನಿಮ್ಮ ಕೈ ನಡುಗೋಕೆ ಶುರುವಾದ ವರ್ಷ ನೀವು ಗಾಳ ಹಾಕೋದೇ ಬಿಡ್ತೀನಿ ಅಂದಿದ್ರಂತೆ. ಅಂಗಡಿಗೆ ಬಂದು ಗಾಳದ ಕೋಲು ಮಾರಿಕೊಡು ಅಂದ್ರಂತೆ."

ವಾಲ್ಟರ್ ಚಮಚ ಕೆಳಗಿಟ್ಟ.

"ಬೇರೆ ಗಾಳಕ್ಕಾದ್ರೆ ಸೀಸದ ಗುಂಡು ಬೇರೆ ಕಟ್ಟಬೇಕು, ಕವಲು ದಾರ ಬೇರೆ ಕಟ್ಟಬೇಕು. ಇದಕ್ಕೆ ಒಂದೇ ಗಂಟು. ಆ ಭಾನುವಾರ ಮನೆಗೆ ಬಂದು ನನ್ನ ಹತ್ರ ಹೇಳಿದಳು, 'ಒಂದು ಗಂಟಾದ್ರೆ ವಾಲ್ಟರ್ ಕಟ್ಟಬಲ್ಲ. ಯಾರನ್ನೂ ಕೇಳಬೇಕಾಗಲ್ಲ' ಅಂತ." ಝೆಕಾನ ಕಡೆ ತಿರುಗಿದ. "ನೀನು ಎರಡು ನಿಮಿಷ ಮೀನು ಬರ್ಲಿಲ್ಲ ಅಂದ್ರೆ ಒಂದು ಬಂಡೆಯಿಂದ ಇನ್ನೊಂದಕ್ಕೆ ನೆಗೀತೀಯಂತೆ. ಎಲ್ಲೋ ತಲೆ ಒಡ್ಕೋತಾನೆ ಅಂತ ಭಯ ಅವಳಿಗೆ. ಚಿಪ್ಪು ಒಡೆದ ಅರ್ಧ ಏಡಿಗೆ ಸಣ್ಣಪುಟ್ಟವಾದ್ರೂ ಬೇಗ ಬರ್ತವೆ, ಹುಡುಗ ಒಂದು ಕಡೆ ನಿಲ್ತಾನೆ ಅಂದಳು."

ಝೆಕಾ ನಗಲು ಹೋದ. ನಗು ಅರ್ಧಕ್ಕೇ ನಿಂತಿತು.

ಸಬೀನೊ ತಾನಾಗಿಯೇ ಕೇಳಿದ. "ನಂದು?"

ಅಬೀಲಿಯೊ ಚಮಚವನ್ನು ಬಟ್ಟಲ ಪಕ್ಕಕ್ಕೆ ಇಟ್ಟ. "ನಿನ್ನ ಹೆಂಡತಿ ತೀರಿಕೊಂಡ ಚಳಿಗಾಲ. ಕತ್ತಲಾದ್ರೂ ನೀನು ಮನೆಗೆ ಹೋಗ್ತಿರಲಿಲ್ಲ, ಕಾರಲ್ಲೇ ಕೂತಿರ್ತಿದ್ದೆ. ಇಡೀ ಏಡಿ ಒಡೆಯೋದು ದೊಡ್ಡ ಮೀನಿನ ಹಲ್ಲಿಗೆ ಮಾತ್ರ ಆಗುತ್ತೆ, ಅದು ಬರೋಕೆ ಹೊತ್ತು ಹಿಡಿಯುತ್ತೆ. 'ಕಾಯೋಕೆ ಒಂದು ಕೆಲಸ ಕೊಟ್ಟೆ ಸಬೀನೊಗೆ' ಅಂದಳು ಡೆಲ್ಫೀನಾ. 'ಸುಮ್ಮನೆ ಕೂರೋದಕ್ಕೂ ಕಾಯ್ತಾ ಕೂರೋದಕ್ಕೂ ವ್ಯತ್ಯಾಸ ಇದೆ' ಅಂದಳು."

ಪಕ್ಕದ ಮೇಜಿನಲ್ಲಿ ಯಾರೋ ಬ್ರೆಡ್ಡು ಕೊಯ್ಯುತ್ತಿದ್ದರು. ಸಬೀನೊ ತನ್ನ ಜೋಡಿ ಗಾಳವನ್ನು ಮೇಜಿನ ಮೇಲಿಟ್ಟು, ಬೆರಳಿನಿಂದ ದಾರವನ್ನು ನೇರ ಮಾಡುತ್ತ ಕುಳಿತ.

"ಇಷ್ಟೆಲ್ಲ ನಿನಗೆ ಹೇಳ್ತಿದ್ದಳಾ, ಕುಂಪಾದ್ರೆ?"

"ಭಾನುವಾರ ಸಂಜೆ. ನಾನು ಮೀನು ಹೆಚ್ಚೋನು, ಅವಳು ಹೇಳೋಳು." ಅಬೀಲಿಯೊನಿಗೆ ತಡೆಯಲಾಗಲಿಲ್ಲ. ನಾಲ್ಕು ವರ್ಷದ್ದು ಬಾಯಿಗೆ ಬಂದೇಬಿಟ್ಟಿತು. "ಹೇಳ್ತಿದ್ದಳು, ನಿಜ. ಒಂದು ದಿನಾನೂ ಕರ್ಕೊಂಡು ಹೋಗಲಿಲ್ಲ. ನಿಮ್ಮನ್ನೆಲ್ಲ ಬಂಡೆ ಮೇಲೆ ನಿಲ್ಲಿಸಿಕೊಂಡಳು. ನಾನು ಬರ್ತೀನಿ ಅಂದ್ರೆ ಬೇಡ ಅಂದಳು."

ಸಬೀನೊ ತಲೆಯೆತ್ತಿದ. "ಬೂಟಿನ ವಿಷಯಾನಾ?"

"ನಿನಗೆ ಗೊತ್ತಾ?"

"ಆಮೇಲಿನ ಭಾನುವಾರ ಇಡೀ ದಿನ ಅವಳಿಗೆ ಒಂದು ಮೀನೂ ಸಿಗಲಿಲ್ಲ. ಅತ್ತಿದ್ದಳು ಅನ್ಸುತ್ತೆ, ಗಾಳಿಗೆ ಕಣ್ಣಲ್ಲಿ ನೀರು ಅಂದಳು. ಕರ್ಕೊಂಡು ಬರೋದಲ್ವಾ ಪಾಪ ಅಂದೆ ನಾನು. ಏನಂದಳು ಗೊತ್ತಾ? 'ಬಂದ್ರೆ ಅವನೇ ಎಲ್ಲಾ ನೋಡಿಬಿಡ್ತಾನೆ. ಸಂಜೆ ಹೋಗಿ ನಾನು ಯಾರಿಗೆ ಹೇಳ್ಲಿ? ಮೀನು ಹಿಡಿಯೋರು ಊರ ತುಂಬ ಇದ್ದಾರೆ ಸಬೀನೊ, ಕೇಳೋನು ನನಗೆ ಅವನೊಬ್ಬನೇ' ಅಂದಳು. ಆಮೇಲೆ, 'ಸ್ವಾರ್ಥ ನಂದು. ಅವನಿಗೆ ಹೇಳಬೇಡ' ಅಂದಳು. ಅದಕ್ಕೇ ಹೇಳಲಿಲ್ಲ."

ಅಬೀಲಿಯೊ ಚಮಚ ಎತ್ತಿ ಸೂಪು ಕುಡಿಯತೊಡಗಿದ. ತಣ್ಣಗಿದ್ದ ಸೂಪನ್ನು ಒಂದು ಹನಿ ಬಿಡದೆ ಕುಡಿದ. ಯಾರೂ ಅವನ ಮುಖ ನೋಡಲಿಲ್ಲ.

ಬಟ್ಟಲು ಖಾಲಿಯಾದ ಮೇಲೆ ಕೇಳಿದ, "ಅವಳು ಯಾವುದು ಹಾಕ್ತಿದ್ದಳು? ತನ್ನ ಕೋಲಿಗೆ?"

ಮೂವರೂ ಮುಖ ಮುಖ ನೋಡಿಕೊಂಡರು. ಕೊನೆಗೆ ವಾಲ್ಟರ್ ಹೇಳಿದ. "ಒಳ್ಳೇ ಏಡಿಗಳನ್ನು ನಮಗೆ ಹಂಚೋರು. ಬಕೆಟ್ಟಿನ ತಳದಲ್ಲಿ ಉಳಿದದ್ದು ಏನಿರುತ್ತೋ, ಕಾಲು ಮುರಿದದ್ದೋ ಮೆತ್ತಗಾದದ್ದೋ, ಅದಕ್ಕೆ ಯಾವ ಗಾಳ ಹೊಂದುತ್ತೋ ಅದನ್ನು ಹಾಕೋರು."

"ಆದ್ರೂ ನಮ್ಮೆಲ್ಲರಿಗಿಂತ ಜಾಸ್ತಿ ಹಿಡೀತಿದ್ರು," ಎಂದ ಝೆಕಾ ಹೊಟ್ಟೆಕಿಚ್ಚಿನಿಂದ. ಆಮೇಲೆ ಗಡಿಯಾರ ನೋಡಿದ. "ಎರಡು ಗಂಟೆಗೆ ಸಮುದ್ರದ ನೀರು ತಿರುಗುತ್ತೆ. ಮೀನು ಕಚ್ಚೋ ಹೊತ್ತು."

ಅಬೀಲಿಯೊ ಟೋಪಿ ತೆಗೆದುಕೊಂಡು ಎದ್ದ.

*

ಸಕೋನೆಟ್‌ನಲ್ಲಿ ಗಾಳಿ ಚೂರಿಯಂತಿತ್ತು. ನವೆಂಬರಿನ ಸಮುದ್ರ ಬಂಡೆಗಳ ಸಂದಿಗೆ ನುಗ್ಗಿ ಬಿಳಿಯಾಗಿ ಹಿಂದಿರುಗುತ್ತಿತ್ತು. ಮೂವರೂ ಕಾರಿನ ಡಿಕ್ಕಿಯಿಂದ ಕೋಲು, ಏಡಿಯ ಬಕೆಟ್ಟು ತೆಗೆದು, ಅದೇ ಕರಿಯ ಸೂಟಿನಲ್ಲೇ ಕೆಳಗಿಳಿದರು. ಅಬೀಲಿಯೊ ಕಟ್ಟೆಯ ಮೇಲೆ ಕುಳಿತ. ಬಾ ಎಂದು ಕರೆದರು, ಬೇಡವೆಂದು ಕೈಯಾಡಿಸಿದ. ಅಲ್ಲಿಂದ ಎಲ್ಲ ಕಾಣುತ್ತಿತ್ತು.

ಝೆಕಾ ಏಡಿಯ ಚಿಪ್ಪನ್ನು ಹಲ್ಲಿನಿಂದಲೇ ಒಡೆದು ಉಗುಳಿದ. ಅವನ ಟೈ ಹಾರಿ ಕಿವಿಗೆ ಸುತ್ತಿಕೊಂಡಿತು. ಸಬೀನೊ ಕಾಲು ಕಿತ್ತ ಇಡೀ ಏಡಿಯನ್ನು ಎಸೆದು, ಕುಳಿತುಕೊಂಡು, ಎಲ್ಲೂ ಹೋಗಬೇಕಾಗಿಲ್ಲದವನಂತೆ ಕಾಯತೊಡಗಿದ. ವಾಲ್ಟರ್ ಬೆನ್ನು ತಿರುಗಿಸಿ ತನ್ನ ಒಂದು ಗಂಟನ್ನು ಕಟ್ಟಿದ. ಹೊತ್ತು ಹಿಡಿಯಿತು. ಯಾರೂ ಸಹಾಯಕ್ಕೆ ಹೋಗಲಿಲ್ಲ.

ಝೆಕಾನಿಗೆ ಎರಡು ಸಿಕ್ಕವು, ಎರಡೂ ಸಣ್ಣವು, ಬೈದು ನೀರಿಗೇ ಬಿಟ್ಟ. ಮೂರೂವರೆಯ ಹೊತ್ತಿಗೆ ವಾಲ್ಟರನ ಕೋಲು ಟಕ್ ಟಕ್ ಎಂದು ಅಲುಗಿತು. ಅದು ಕೈ ನಡುಕವೋ ಮೀನೋ ಎಂದು ಮೂವರೂ ಉಸಿರು ಬಿಗಿಹಿಡಿದರು. ಕೋಲು ಬಿಲ್ಲಾಗಿ ಬಾಗಿತು.

"ಎತ್ತು! ಎತ್ತಯ್ಯಾ! ಸಂದಿಗೆ ನುಗ್ಗಿದ್ರೆ ಮುಗೀತು!" ಸಬೀನೊ ಕೂಗಿದ.

ವಾಲ್ಟರ್ ಹಿಂದಕ್ಕೆ ಬಾಗಿದ, ಕಾಲು ಜಾರಿತು, ಝೆಕಾ ಅವನ ಸೊಂಟದ ಬೆಲ್ಟು ಹಿಡಿದ. ಕಪ್ಪು ಮೀನು ಮೇಲೆ ಬಂತು. ದಪ್ಪ ತುಟಿ, ಮನುಷ್ಯರ ಹಾಗೆ ಹಲ್ಲು, ಒದ್ದೆ ಕಲ್ಲಿನ ಬಣ್ಣ. ಕರಿಯ ಸೂಟಿನ ಮೂವರೂ ಒಬ್ಬರನ್ನೊಬ್ಬರು ತಬ್ಬಿಕೊಂಡು ಬಂಡೆಯ ಮೇಲೆ ಕುಣಿದರು, ಮರುಕ್ಷಣ ಏನೋ ನೆನಪಾಗಿ ಟೋಪಿ ತೆಗೆದು ನಿಂತರು.

ಕಟ್ಟೆಯ ಮೇಲೆ ಅಬೀಲಿಯೊ ಕಣ್ಣು ಮಿಟುಕಿಸದೆ ನೋಡುತ್ತಿದ್ದ. ಟೈ ಕಿವಿಗೆ ಸುತ್ತಿದ್ದು, ಬೆಲ್ಟು ಹಿಡಿದದ್ದು, ಸಬೀನೊ ಕೂಗಿದ ಮಾತು, ಯಾವುದರ ಹಿಂದೆ ಯಾವುದು ಎಂಬುದನ್ನು ತುಟಿಯಲ್ಲೇ ಜೋಡಿಸಿಕೊಳ್ಳುತ್ತಿದ್ದ.

ವಾಪಸು ಬರುವಾಗ ಸ್ಮಶಾನದ ಗೇಟಿನ ಬಳಿ ಕಾರು ನಿಲ್ಲಿಸಲು ಹೇಳಿದ. "ನೀವು ಇಲ್ಲೇ ಇರಿ."

ಮೂವರೂ ಕಾರಿನಲ್ಲೇ ಕುಳಿತು ಗಾಜಿನ ಮೂಲಕ ನೋಡಿದರು. ಸೂರ್ಯ ಮರಗಳ ಹಿಂದೆ ಇಳಿದಿದ್ದ. ಹೊಸ ಮಣ್ಣಿನ ದಿಬ್ಬದ ಮುಂದೆ ಮುದುಕ ನಿಂತಿದ್ದ. ಮಾತು ಅವರಿಗೆ ಕೇಳಿಸುತ್ತಿರಲಿಲ್ಲ, ಆದರೆ ಅವನು ಬಹಳ ಹೊತ್ತು ಮಾತಾಡಿದ. ಒಮ್ಮೆ ಹಿಂದಕ್ಕೆ ಬಾಗಿ ತೋರಿಸಿದ, ಒಮ್ಮೆ ಕಿವಿ ಮುಟ್ಟಿಕೊಂಡ. ಆಮೇಲೆ ಎರಡೂ ಕೈಗಳನ್ನು ಎದೆಯ ಮುಂದೆ ಅಗಲಿಸಿ ಹಿಡಿದ. ಅಷ್ಟು ದೊಡ್ಡದು. ತಡೆದು, ಮಣ್ಣಿನ ಕಡೆ ನೋಡಿ, ಕೈಗಳನ್ನು ಒಂದೆರಡು ಅಂಗುಲ ಹತ್ತಿರ ತಂದ.