ಎದೆಬಟ್ಟೆಗೂ ಬಿಸಿಲು ಬೇಕು

ಬಾಣಂತಿಗೆ ಹಾಲು ಕಡಿಮೆಯಾದರೆ ಊರಿಗೆ ಊರೇ ಮದ್ದು ಹೇಳುತ್ತದೆ. ಒಬ್ಬರು ಸಬ್ಬಸಿಗೆ ಸೊಪ್ಪು ಅನ್ನುತ್ತಾರೆ, ಇನ್ನೊಬ್ಬರು ಬೆಳ್ಳುಳ್ಳಿ ಅನ್ನುತ್ತಾರೆ. ಅದೇ ಹಾಲು ಹೆಚ್ಚಾಗಿ ರವಿಕೆ ನೆನೆದುಹೋದರೆ? ಆಗ ಎಲ್ಲರ ಬಾಯಿಗೂ ಬೀಗ. ನಾಚಿಕೆಯ ಮಾತಂತೆ!

ಹೊಳೆನರಸೀಪುರದ ಹತ್ತಿರದ ಹಳ್ಳಿಯಲ್ಲಿ ದಾಕ್ಷಾಯಣಮ್ಮನ ಮನೆಯಲ್ಲೂ ಹೀಗೇ ಆಯಿತು. ಮಗಳು ಸ್ನೇಹಲತಾ ಚೊಚ್ಚಲ ಬಾಣಂತಿ. ಹಾಸನದ ಆಸ್ಪತ್ರೆಯಲ್ಲಿ ಹೆಣ್ಣು ಕೂಸು ಹೆತ್ತು ತವರಿಗೆ ಬಂದಿದ್ದಳು. ಹಾಲಿಗೇನೂ ಬರವಿರಲಿಲ್ಲ. ಕೂಸು ಒಂದು ಕಡೆ ಕುಡಿಯುತ್ತಿದ್ದರೆ ಇನ್ನೊಂದು ಕಡೆ ತೊಟ್ಟಿಕ್ಕುತ್ತಿತ್ತು. ನೋಡಲು ಯಾರಾದರೂ ಬಂದರೆ ಪಾಪ, ಹುಡುಗಿ ಸೆರಗು ಎಳೆದೆಳೆದು ಹೊದ್ದು ಗೋಡೆ ಕಡೆ ತಿರುಗಿ ಕೂರುತ್ತಿದ್ದಳು.

ಅಳಿಯ ರವೀಂದ್ರನಿಗೆ ಚನ್ನರಾಯಪಟ್ಟಣದ ತೆಂಗಿನಕಾಯಿ ಮಂಡಿಯಲ್ಲಿ ಕೆಲಸ. ಹೆಂಡತಿಯ ಪಾಡು ಕೇಳಿ ಮೆಡಿಕಲ್ ಸ್ಟೋರಿನಿಂದ ಎದೆಗೆ ಇಟ್ಟುಕೊಳ್ಳುವ ಪ್ಯಾಡುಗಳ ಪೆಟ್ಟಿಗೆಯೊಂದನ್ನು ತಂದುಕೊಟ್ಟ. ದಾಕ್ಷಾಯಣಮ್ಮ ಮೊದಲು ನೋಡಿದ್ದು ಬೆಲೆ.

"ಅಯ್ಯೋ ಶಿವನೇ, ಮುನ್ನೂರು ರೂಪಾಯಾ! ಒಂದ್ಸಲ ಇಟ್ಕಂಡು ಎಸ್ದುಬುಡಾಕೆ ಕಾಸೇನು ಬಿಟ್ಟಿ ಬತ್ತದಾ?"

ಬೆಳಗ್ಗೆ ಇಟ್ಟ ಪ್ಯಾಡನ್ನು ಸಂಜೆತನಕ ತೆಗೆಯಬಾರದೆಂದು ಮಗಳಿಗೆ ಅಪ್ಪಣೆಯಾಯಿತು. ಅಷ್ಟಕ್ಕೂ ಸಮಾಧಾನವಾಗದೆ, ಸಂಜೆ ದಾಕ್ಷಾಯಣಮ್ಮ ಅದನ್ನು ಸೋಪು ಹಾಕಿ ಒಗೆಯಲು ಕೂತಳು. ಒಳಗಿನ ಪುಡಿ ನೀರು ಕುಡಿದು ಸಬ್ಬಕ್ಕಿ ಪಾಯಸದ ಹಾಗೆ ಉಬ್ಬಿ ಕೈಗೆಲ್ಲ ಮೆತ್ತಿಕೊಂಡಿತು. "ಥೂ, ಏನಿದು ಲೋಳೆ!" ಎಂದು ಬೈದುಕೊಂಡು, ಮಗಳಿಗೆ ಹಳೇ ಸೀರೆಯ ತುಂಡು ಮಡಚಿ ಕೊಟ್ಟಳು. ಹಾಲು ಹೊರಗೆ ಕಾಣಬಾರದೆಂದು ಅದರ ಮೇಲೊಂದು ಪ್ಲಾಸ್ಟಿಕ್ ಕವರ್ ಇಟ್ಟಳು.

ಬಟ್ಟೆ ಕೊಟ್ಟದ್ದು ತಪ್ಪಲ್ಲ. ಆದರೆ ಒಗೆದ ಬಟ್ಟೆಯನ್ನು ಅವಳು ಬಚ್ಚಲು ಒಲೆಯ ಹಿಂದೆ, ಕತ್ತಲಲ್ಲಿ, ಹೊಗೆಯಲ್ಲಿ ಒಣಹಾಕುತ್ತಿದ್ದಳು. ಅರ್ಧ ಒಣಗಿದ್ದನ್ನೇ ಮತ್ತೆ ಕೊಡುತ್ತಿದ್ದಳು. ನಾಲ್ಕೇ ದಿನಕ್ಕೆ ಸ್ನೇಹಲತಾಳ ಚರ್ಮ ಕೆಂಪಾಗಿ, ತೊಟ್ಟು ಒಡೆದು ಉರಿಯತೊಡಗಿತು. ಕೂಸು ಬಾಯಿ ಹಾಕಿದರೆ ಸಾಕು, ಹಲ್ಲು ಕಚ್ಚಿಕೊಂಡು ಅಳುತ್ತಿದ್ದಳು.

"ಅವ್ವಾ, ನನ್ ಕೈಲಾಗಕಿಲ್ಲ. ಡಬ್ಬದ ಪೌಡ್ರು ತರ್ಸು. ಇನ್ಮೇಲೆ ನಾನು ಹಾಲು ಕೊಡಲ್ಲ."

ತಿಂಗಳೂ ತುಂಬದ ಕೂಸು. ತಾಯಿ ಎದೆಯಲ್ಲಿ ಹಾಲು ತುಂಬಿದ್ದೂ ಅದಕ್ಕೆ ಡಬ್ಬವೇ ಗತಿಯಾಗುತ್ತದಲ್ಲ ಎಂದು ದಾಕ್ಷಾಯಣಮ್ಮ ಮರುಗಿದಳು.

ಪುಣ್ಯಕ್ಕೆ ಮಾರನೇ ದಿನ ಆಶಾ ಕಾರ್ಯಕರ್ತೆ ರೇವಮ್ಮ ಕೂಸಿನ ತೂಕ ನೋಡಲು ಬಂದಳು. ಸ್ನೇಹಲತಾಳ ಕಣ್ಣು ಊದಿರುವುದನ್ನು ಕಂಡು, ಬಾಗಿಲು ಮುಂದೆ ಮಾಡಿ, ಮೆಲ್ಲಗೆ ಕೇಳಿ, ಎದೆ ನೋಡಿದಳು. ಜ್ವರವಿರಲಿಲ್ಲ, ಗಂಟೂ ಇರಲಿಲ್ಲ. ಆದರೆ ಆ ಕವರ್ ಕಣ್ಣಿಗೆ ಬಿತ್ತು.

"ದಾಕ್ಷಾಯಣಕ್ಕಾ, ಇದನ್ನ ಇಟ್ಟೋರು ಯಾರು?"

"ನಾನೇ ಕಣವ್ವ. ರವಿಕೆ ನೆನೀಬಾರ್ದು ಅಂತ."

"ರವಿಕೆ ನೆನೀನಿಲ್ಲ, ಸರಿ. ಮಗಳ ಚರ್ಮ ನೆಂದು ಬೆಂದೋಯ್ತಲ್ಲ! ಗಾಳಿ ಆಡ್ದಿರೋ ಕಡೆ ಹಸಿ ನಿಂತ್ರೆ ಇನ್ನೇನಾಗ್ತದೆ? ಇವತ್ತೇ ಆಸ್ಪತ್ರೇಲಿ ತೋರ್ಸಿ."

"ಅಂಗಾರೆ ಆ ಮುನ್ನೂರು ರೂಪಾಯಿದೇ ತರ್ಸಬೇಕಾ? ಎಲ್ಲಿಂದ ತರಾನೆ?"

"ಯಾರೇಳುದ್ರು? ಅದೇನು ಕೆಟ್ಟದ್ದಲ್ಲ, ಬಸ್ನಲ್ಲಿ ದೂರ ಓಗೋವಾಗ ಒಂದೆರಡು ಇದ್ರೆ ಅನುಕೂಲ. ಆದ್ರೆ ನೆಂದಾಗೆಲ್ಲ ಬದಲಾಯ್ಸಬೇಕು. ದುಬಾರಿ ಅಂತ ಒಂದನ್ನೇ ದಿನವೆಲ್ಲ ಇಟ್ಕಳೋದಕ್ಕಿಂತ ಮನೇಲೇ ಹತ್ತಿ ಬಟ್ಟೇದು ಒಂದು ಡಜನ್ ಹೊಲ್ಕಳಿ. ಒಗ್ದು ಬಿಸ್ಲಿಗೆ ಹಾಕುದ್ರೆ ತಿಂಗಳುಗಟ್ಲೆ ಬತ್ತದೆ."

ಬಿಸಿಲು ಎಂದದ್ದೇ ತಡ, ದಾಕ್ಷಾಯಣಮ್ಮ ಎದ್ದೇಬಿಟ್ಟಳು.

"ಅದೊಂದು ಆಗಕಿಲ್ಲ! ಹಾಲಿನ ಬಟ್ಟೆ ಬಿಸ್ಲಿಗಾಕುದ್ರೆ ಎದೆ ಬತ್ತೋಯ್ತದೆ."

"ಯಾರಕ್ಕಾ ಹೇಳಿದ್ದು?"

ದಾಕ್ಷಾಯಣಮ್ಮ ಮಗಳ ಮುಖ ನೋಡಿದಳು, ಮತ್ತೆ ನೆಲ ನೋಡಿದಳು.

"ನಮ್ಮತ್ತೆ. ಇವಳು ಹುಟ್ದಾಗ ನಾನು ತಿಳೀದೆ ಹಿತ್ಲಲ್ಲಿ ಒಣಗಾಕ್ದೆ. ಎರಡೇ ವಾರಕ್ಕೆ ಹಾಲು ನಿಂತೋಯ್ತು. ನಿನ್ ಕೈಯಾರೆ ಕೂಸಿನ ಬಾಯಿಗೆ ಮಣ್ಣಾಕ್ದೆ ಅಂದ್ರು. ಇಪ್ಪತ್ತಾರು ವರ್ಸ ಆಯ್ತು ರೇವಮ್ಮ. ಇವಳಿಗೊಂದು ನೆಗಡಿ ಬಂದ್ರೂ ನನ್ನಿಂದ್ಲೇ ಅನ್ನುಸ್ತದೆ."

ಸ್ನೇಹಲತಾ ಈ ಮಾತನ್ನು ಕೇಳಿದ್ದು ಅದೇ ಮೊದಲು. ರೇವಮ್ಮ ದಾಕ್ಷಾಯಣಮ್ಮನ ಹತ್ತಿರ ಸರಿದು ಕೇಳಿದಳು.

"ಆಗ ಎದೆಗೆ ಬಟ್ಟೆ ಬಿಗಿಯಾಗಿ ಕಟ್ಟಿದ್ರಾ?"

"ಊಂ, ಸೋರಬಾರ್ದು ಅಂತ ಅತ್ತೇನೇ ಬಿಗ್ದಿದ್ರು."

"ಕೂಸಿಗೆ ದಿನಕ್ಕೆ ಎಷ್ಟು ಸಲ ಕೊಡ್ತಿದ್ರಿ?"

"ಮನೆ ತುಂಬ ಜನ, ಎಲ್ಲಿ ಕೊಡಾನೆ? ಮೂರೋ ನಾಕೋ ಸಲ."

"ಅಷ್ಟೇ ಕಣಕ್ಕಾ! ಕೂಸು ಕುಡುದಷ್ಟೂ ಹಾಲು ಊರ್ತದೆ. ಬಿಗ್ದು ಕಟ್ಟಿ, ಕುಡ್ಸದು ಕಮ್ಮಿ ಮಾಡುದ್ರೆ ನಿಂತೋಯ್ತದೆ. ಬಿಸ್ಲು ಏನ್ ಮಾಡ್ತು ಪಾಪ? ನೀವು ಡೈರಿಗೆ ಹಾಲು ಹಾಕ್ತೀರಲ್ಲ, ಕ್ಯಾನು ತೊಳ್ದು ಎಲ್ಲಿ ಬೋರಲಾಕ್ತೀರಿ?"

"ಜಗಲಿ ಮೇಲೆ, ಬಿಸ್ಲಿಗೆ."

"ಹಸು ಬತ್ತೋಯ್ತಾ?"

ದಾಕ್ಷಾಯಣಮ್ಮ ಸಣ್ಣ ದನಿಯಲ್ಲಿ, "ಅಂಗಾರೆ ನಾನು ಮಾಡಿದ್ದಲ್ವಾ?" ಎಂದಳು.

"ನೀವು ಮಾಡಿದ್ದಲ್ಲ ಕಣಕ್ಕಾ. ನಿಮಗೆ ಯಾರೂ ಹೇಳ್ಕೊಡ್ನಿಲ್ಲ, ಅಷ್ಟೇಯ."

ದಾಕ್ಷಾಯಣಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದಳು. ಸ್ನೇಹಲತಾ ಕೂಸನ್ನು ಪಕ್ಕಕ್ಕೆ ಮಲಗಿಸಿ ಅವ್ವನ ಬೆನ್ನು ಸವರಿದಳು.

ಅವತ್ತೇ ಆಸ್ಪತ್ರೆಗೆ ಹೋಗಿ ಬಂದರು. ಡಾಕ್ಟರು ಮುಲಾಮು ಕೊಟ್ಟು, ಹಾಲು ಕೊಡುವುದನ್ನು ನಿಲ್ಲಿಸಬೇಡಿ ಎಂದರು. ಬರೀ ತೊಟ್ಟಲ್ಲ, ಸುತ್ತಿನ ಕಪ್ಪು ಭಾಗವೂ ಕೂಸಿನ ಬಾಯಿಗೆ ಹೋಗುವಂತೆ ಹಿಡಿಯಲು ಅಲ್ಲಿನ ನರ್ಸ್ ತೋರಿಸಿಕೊಟ್ಟಳು. ಮನೆಗೆ ಬಂದ ದಾಕ್ಷಾಯಣಮ್ಮ ಗಂಡ ಪುಟ್ಟಸ್ವಾಮಿಯ ಹಳೇ ಹತ್ತಿ ಪಂಚೆಗೆ ಕತ್ತರಿ ಹಾಕಿದಳು.

"ಲೇ, ಅದು ಉಡೋ ಪಂಚೆ ಕಣೇ!" ಎಂದ ಪುಟ್ಟಸ್ವಾಮಿ.

"ಇಷ್ಟು ದಿನ ಉಟ್ಟಿದ್ದು ಸಾಕು. ಈಗ ಮೊಮ್ಮಗಳಿಗೆ ಆಗ್ಲಿ ಬುಡಿ."

ಟೀ ತಟ್ಟೆ ಇಟ್ಟು ಗುಂಡಗೆ ಕತ್ತರಿಸಿ, ನಾಲ್ಕು ಪದರ ಸೇರಿಸಿ ಅಂಚು ಹೊಲಿದಳು. ಖರ್ಚಾದದ್ದು ಒಂದು ದಾರದುಂಡೆ. ಒಗೆದು, ಅಂಗಳದ ತಂತಿಯ ಮೇಲೆ ತಾನೇ ಹರವಿದಳು. ಮೊದಲನೆಯದನ್ನು ಹಾಕಿ, ತೆಗೆದು, ಮತ್ತೆ ಹಾಕಿದಳು, ಸುಳ್ಳು ಯಾಕೆ ಹೇಳಲಿ. ಎದುರು ಮನೆಯ ದೊಡ್ಡಮ್ಮ, "ಬಾಣಂತಿ ಬಟ್ಟೆ ಬೀದಿಗೆ ಕಾಣಂಗೆ ಹಾಕಿದ್ದೀಯಲ್ಲೇ!" ಎಂದು ಕೂಗಿದಳು.

"ಕೋಣೆ ಕೂಸು ಕೊಳೀತು, ಓಣಿ ಕೂಸು ಬೆಳೀತು ಅಂತ ನೀನೇ ಹೇಳ್ತಿದ್ಯಲ್ಲ ದೊಡ್ಡಮ್ಮ! ಬಟ್ಟೆಗೂ ಅದೇ ಮಾತು ಕಣ."

ವಾರ ಕಳೆಯುವಷ್ಟರಲ್ಲಿ ಹುಣ್ಣು ಮಾಯಿತು. ಈಗ ಸ್ನೇಹಲತಾ ಕೂಸಿನ ಮುಖ ನೋಡುತ್ತಾ, ನಗುತ್ತಾ ಹಾಲು ಕೊಡುತ್ತಾಳೆ. ಡಬ್ಬ ಮನೆಗೆ ಬರಲೇ ಇಲ್ಲ.

ಅಕ್ಕಂದಿರೇ, ತಂಗಿಯರೇ, ಬಾಣಂತಿಗೆ ಹಾಲು ಸೋರುವುದು ರೋಗವಲ್ಲ, ನಾಚಿಕೆಯೂ ಅಲ್ಲ. ಬಹಳ ಮಂದಿಗೆ ಕೆಲವು ವಾರಗಳಲ್ಲಿ ತಾನೇ ಕಡಿಮೆಯಾಗುತ್ತದೆ. ಅಲ್ಲಿತನಕ ಮೆತ್ತನೆಯ ಹತ್ತಿ ಬಟ್ಟೆಯ ಪ್ಯಾಡು ಸಾಕು. ಪ್ಲಾಸ್ಟಿಕ್ ಬೇಡ, ಬಿಗಿದು ಕಟ್ಟುವುದು ಬೇಡ. ನೆನೆದ ತಕ್ಷಣ ಬದಲಾಯಿಸಿ, ಸೋಪಿನಲ್ಲಿ ಒಗೆದು ಚೆನ್ನಾಗಿ ಬಿಸಿಲಿಗೆ ಹಾಕಿ. ಅಂಗಡಿಯ ಪ್ಯಾಡು ಕೊಂಡರೆ ಒಂದು ಸಲಕ್ಕೆ ಮಾತ್ರ, ಒಗೆಯಲು ಹೋಗಬೇಡಿ. ಎದೆ ಕೆಂಪಾಗಿ ಗಂಟು ಕಟ್ಟಿದರೆ, ಜ್ವರ ಬಂದರೆ, ತಡಮಾಡದೆ ಆಸ್ಪತ್ರೆಗೆ ನಡೆಯಿರಿ.

ಇನ್ನೊಂದು ಮಾತು ಮನೆಯ ಹಿರಿಯರಿಗೆ. ಯಾವ ತಾಯಿಗಾದರೂ ಹಾಲು ನಿಂತರೆ, ನಿನ್ನಿಂದಲೇ ಆಯಿತು ಎಂದು ಮಾತ್ರ ಅನ್ನಬೇಡಿ. ನೀವು ಅಂದು ಮರೆತುಬಿಡುತ್ತೀರಿ. ಅವಳು ಇಪ್ಪತ್ತಾರು ವರ್ಷ ಅದನ್ನು ಹೊರುತ್ತಾಳೆ.