ತೂಕದ ಚೀಟಿ

ಗಣಪತಿ ಹಬ್ಬಕ್ಕೆ ಮೊದಲೋ, ಆಮೇಲೋ? ಡಾಕ್ಟರು ಕೇಳಿದ್ದು ಸಣ್ಣ ಪ್ರಶ್ನೆ: ಇವರು ಬೆಳಗಿನ ನಡಿಗೆ ಬಿಟ್ಟದ್ದು ಯಾವಾಗ? ಮುರಾರಿಗೆ ಉತ್ತರ ಗೊತ್ತಿತ್ತು, ಅದೊಂದು ಭಾನುವಾರದ ಮರುದಿನ. ಆದರೂ ಗೊತ್ತಿಲ್ಲದವನಂತೆ ಮನಸ್ಸಿನಲ್ಲೇ ಹಬ್ಬಗಳನ್ನು ಹಿಂದೆ ಮುಂದೆ ಸರಿಸುತ್ತ ಕುಳಿತ. ಹೇಳಿದರೆ ಕಾರಣವನ್ನೂ ಕೇಳುತ್ತಾರೆ. ಪಕ್ಕದಲ್ಲಿ ಹೆಂಡತಿ ಜಲಜಾಕ್ಷಿ ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತಿದ್ದಳು. ಡೊಂಬಿವಲಿಯ ಆ ಕ್ಲಿನಿಕ್ಕಿಗೆ ಒಂಬತ್ತೇ ಮೆಟ್ಟಿಲು. ಹತ್ತಿ ಬಂದು ಕಾಲು ಗಂಟೆಯಾದರೂ ಅವಳ ಏದುಸಿರು ನಿಂತಿರಲಿಲ್ಲ.

ಎಂಟು ವರ್ಷಗಳ ಹಿಂದೆ, ಠಾಕುರ್ಲಿಯ ಅವರ ಕಟ್ಟಡಕ್ಕೆ ಲಿಫ್ಟ್ ಬರುವ ಮೊದಲು, ಇದೇ ಜಲಜಾಕ್ಷಿ ಎರಡು ಕೈಯಲ್ಲೂ ತರಕಾರಿ ಚೀಲ ಹಿಡಿದು ನಾಲ್ಕು ಮಾಳಿಗೆ ನಿಲ್ಲದೆ ಹತ್ತುತ್ತಿದ್ದಳು. ಠಾಣೆ ಊರಿನ ಕ್ಯಾಂಟೀನೊಂದರಲ್ಲಿ ದಿನವಿಡೀ ಕುರ್ಚಿ ಬಿಟ್ಟೇಳದ, ಐವತ್ತನಾಲ್ಕು ಕಿಲೋ ದಾಟದ ಮ್ಯಾನೇಜರ್ ಮುರಾರಿಯೇ ಎರಡನೆಯ ಮಾಳಿಗೆಯಲ್ಲಿ ಗೋಡೆ ಹಿಡಿದು ನಿಲ್ಲುತ್ತಿದ್ದ. ಅವಳು ಮೇಲಿನಿಂದ ಬಗ್ಗಿ, "ಬರ್ತೀರಾ, ನಾನೇ ಎತ್ತಿಕೊಂಡು ಬರ್ಬೇಕಾ?" ಎನ್ನುತ್ತಿದ್ದಳು. ಆಗ ನೆರೆಮನೆಯ ಶರಣಬಸಮ್ಮನ ಜತೆ ದಿನಾ ಬೆಳಗ್ಗೆ ನೈಂಟಿ ಫೀಟ್ ರೋಡಿನಲ್ಲಿ ನಡೆಯುತ್ತಿದ್ದಳು. ಮೂರು ವರ್ಷ ತಪ್ಪಿಸಿರಲಿಲ್ಲ.

ತಿಂಗಳಿಗೊಮ್ಮೆ ಅವಳನ್ನು ಸ್ಟೇಷನ್ನಿನ ತೂಕದ ಮೆಷಿನ್ನಿನ ಮೇಲೆ ನಿಲ್ಲಿಸುವುದು ಮುರಾರಿಯ ಪದ್ಧತಿ. ನಾಣ್ಯ ಹಾಕುವವನು ಅವನು, ಚೀಟಿ ಓದುವವನೂ ಅವನೇ. ಒಂದು ಬದಿಗೆ ಭವಿಷ್ಯ, ಇನ್ನೊಂದು ಬದಿಗೆ ತೂಕ. ಎಂಬತ್ತೊಂದು. ಮುಂದಿನ ತಿಂಗಳೂ ಎಂಬತ್ತೊಂದು. ಆ ಭಾನುವಾರ ಬದಲಾಪುರದ ಮದುವೆಗೆ ಹೊರಟ ನೆಂಟರೆಲ್ಲ ಪ್ಲಾಟ್‌ಫಾರ್ಮಿನಲ್ಲಿದ್ದರು. ಚೀಟಿಯನ್ನು ಎಲ್ಲರಿಗೂ ಕಾಣುವಂತೆ ಹಿಡಿದು ಅವನೆಂದ, "ಎಂತ ಮಾರಾಯ್ತಿ, ಮೂರು ವರ್ಷ ನಡೆದು ಸವೆದದ್ದು ನಿನ್ನ ಚಪ್ಪಲಿ ಮಾತ್ರ."

ಎಲ್ಲರೂ ನಕ್ಕರು. ಅವಳೂ ನಕ್ಕಳು.

ಮರುದಿನ ಬೆಳಗ್ಗೆ ಶರಣಬಸಮ್ಮ ಬಾಗಿಲು ಬಡಿದು, "ಜಲಜಕ್ಕಾ, ಬರ್ರೀ, ಹೊತ್ತಾತು," ಎಂದು ಎರಡು ಸಲ ಕರೆದಳು. ಜಲಜಾಕ್ಷಿ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಕಣ್ಣು ತೆರೆದೇ ಇತ್ತು. ಒಂದು ದಿನ ಮಲಗಲಿ ಎಂದುಕೊಂಡ ಮುರಾರಿ.

ಈಗ ತೊಂಬತ್ತಾರು ಕಿಲೋ. ಸಕ್ಕರೆ ಕಾಯಿಲೆ, ಸೋತ ಹೃದಯ. ಡಾಕ್ಟರು ಹಿಂದಿಯಲ್ಲಿ ತಾಳ್ಮೆಯಿಂದ ವಿವರಿಸಿದರು. ತೂಕ ಇಳಿದಿದ್ದರೆ ಒಳ್ಳೆಯದೇ ಇತ್ತು. ಇಳಿಯದಿದ್ದರೂ ಆ ನಡಿಗೆ ಹೃದಯಕ್ಕೆ ಬಲ ಕೊಡುತ್ತಿತ್ತು. ಎರಡನ್ನೂ ಒಟ್ಟಿಗೇ ನೋಡಬೇಕು; ತೂಕದ ಕಾಟಾ ಒಂದನ್ನೇ ನೋಡಿ ಜನ ನಡೆಯುವುದನ್ನೇ ಬಿಟ್ಟುಬಿಡುತ್ತಾರೆ. ಆಮೇಲೆ ಅವಳ ಕಡೆ ತಿರುಗಿ, ಯಾಕೆ ಬಿಟ್ಟಿರಿ ಎಂದು ಕೇಳಿದರು.

ಮುರಾರಿ ಮೇಜಿನ ಮೇಲಿನ ಪೆನ್ನನ್ನೇ ನೋಡುತ್ತಿದ್ದ.

"ಘುಟನಾ ದುಖತಾ ಥಾ," ಎಂದು ಸೀರೆಯ ಮೇಲಿನಿಂದಲೇ ಮೊಣಕಾಲು ಮುಟ್ಟಿ ತೋರಿಸಿದಳು ಜಲಜಾಕ್ಷಿ. ಮತ್ತೆ ಗಂಡನತ್ತ ತಿರುಗದೆಯೇ ಕನ್ನಡದಲ್ಲಿ, "ಅಲ್ವಾ? ಆಗ ನೀವೇ ಎಣ್ಣೆ ತಂದು ಕೊಟ್ಟದ್ದಲ್ವಾ?"

ಅವನು ಯಾವ ಎಣ್ಣೆಯನ್ನೂ ತಂದಿರಲಿಲ್ಲ. ತಲೆಯಾಡಿಸಿದ. ಡಾಕ್ಟರು ಮೊಣಕಾಲು ನೋವು ಎಂದು ಬರೆದುಕೊಂಡರು.

ಠಾಕುರ್ಲಿಯಲ್ಲಿ ರೈಲು ಇಳಿದು ಸ್ಟೇಷನ್ನಿನ ಸೇತುವೆ ಹತ್ತುವಾಗ ಅವಳು ನಾಲ್ಕು ಮೆಟ್ಟಿಲಿಗೊಮ್ಮೆ ನಿಂತಳು. ನಿಂತಾಗಲೆಲ್ಲ ಅವನೂ ಕಲ್ಯಾಣ್ ಕಡೆ ಹೋಗುವ ರೈಲುಗಾಡಿ ನೋಡುವವನಂತೆ ನಿಂತ. "ನೀವು ಹೋಗಿ, ನಾನು ಮೆಲ್ಲ ಬರ್ತೇನೆ," ಎಂದಳು. ಅವನು ಹೋಗಲಿಲ್ಲ; ಅವಳ ಕೈಚೀಲ ತೆಗೆದುಕೊಂಡ. ಕೆಳಗೆ ತೂಕದ ಮೆಷಿನ್ನಿನ ಕೆಂಪು ನೀಲಿ ದೀಪಗಳು ಸುತ್ತುತ್ತಿದ್ದವು.

ಆಮೇಲೆ ಅವಳು ಬದುಕಿದ್ದು ಹದಿನಾಲ್ಕು ತಿಂಗಳು. ಅವಳ ಮೊಣಕಾಲು ಎಂದೂ ನೋಯುತ್ತಿರಲಿಲ್ಲವೆಂದು ತನಗೆ ಗೊತ್ತಿದೆ ಎಂಬುದನ್ನು ಮುರಾರಿ ಅವಳಿಗೆ ಹೇಳಲೇ ಇಲ್ಲ.